ಅಂಚಿನಲ್ಲಿ ಬರೆದವಳು

ಏಳನೆಯ ಕಂತು

ನೂರ ಹನ್ನೆರಡನೆಯ ಪುಟದ ಕೆಳಗಿನ ಅಂಚಿನ ಮೇಲೆ ಇನ್‌ಸ್ಪೆಕ್ಟರ್ ಹೆಬ್ಬೆರಳನ್ನು ಮೆಲ್ಲಗೆ ಎಳೆದಳು. ಮೇಲೆಲ್ಲ ನುಣ್ಣಗಿದ್ದ ಕಾಗದ ಅಲ್ಲಿ, ನಾಲ್ಕು ಬೆರಳಗಲದಷ್ಟು, ಬಿರುಸಾಗಿತ್ತು.

"ಇಲ್ಲೇನೋ ಅಂಟಿಸಿದ್ದರು, ಗುರುಗಳೇ."

"ಹೊಸ ಪುಸ್ತಕ ತಾಯಿ. ಬೈಂಡಿನವನ ಗೋಂದು ತಗುಲಿರಬಹುದು."

"ಇಪ್ಪತ್ತು ಪ್ರತಿ ತೆಗೆದು ನೋಡಿದೆ. ಇಪ್ಪತ್ತರಲ್ಲೂ ಇದೇ ಪುಟ, ಇದೇ ಜಾಗ. ನಿಮ್ಮ ಬೈಂಡಿನವನ ಕೈ ಅಷ್ಟು ಶಿಸ್ತಿನದಾ?"

ಆ ವೈದ್ಯಗ್ರಂಥವನ್ನು ಅಚ್ಚಿಗೆ ತಂದ ಸಂಪಾದಕರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಹಸ್ತಪ್ರತಿ ಭಂಡಾರದಲ್ಲಿ ಅವರನ್ನು ಗುರುಗಳು ಅನ್ನದವರಿಲ್ಲ; ಅವರ ಮಾತಿಗೆ ಎದುರುತ್ತರ ಕೊಟ್ಟವರೂ ಇಲ್ಲ. ಒಬ್ಬಳಿದ್ದಳು, ತಾಳೆಯೋಲೆಗಳನ್ನು ಓದಿ ಬರೆಯುತ್ತಿದ್ದ ಓಲೆಯಕ್ಕ. ಅವಳ ಕುರ್ಚಿ ಕಿಟಕಿಯ ಪಕ್ಕದಲ್ಲಿ ಖಾಲಿ ಇತ್ತು. ಕೂತು ಕೂತು ಚಪ್ಪಟೆಯಾದ ದಿಂಬು, ಹಿಡಿ ಸವೆದ ಭೂತಗನ್ನಡಿ, ಓಲೆಗೆ ಎಣ್ಣೆ ಸವರುವ ಬ್ರಷ್ಷು ಎಲ್ಲ ಅವಳು ಬಿಟ್ಟುಹೋದ ಹಾಗೇ ಇದ್ದವು.

ಓಲೆಯಕ್ಕ ಸತ್ತು ಐದು ದಿನ. ಅವಳಿಗೆ ಜ್ವರದ ಔಷಧ ಅರೆದುಕೊಟ್ಟ ಒಡಹುಟ್ಟಿದ ಅಣ್ಣನನ್ನೇ ಪೊಲೀಸರು ಎಳೆದು ತಂದಿದ್ದರು. ಪೊಲೀಸ್ ಕಸ್ಟಡಿ ಮುಗಿದು ಇವತ್ತು ಸಂಜೆ ಐದಕ್ಕೆ ಅವನು ಮತ್ತೆ ಕೋರ್ಟಿನ ಮುಂದೆ ನಿಲ್ಲಬೇಕಿತ್ತು. ಕೊಲೆಯ ಆರೋಪ ಹೊತ್ತು ಒಳಗೆ ಹೋದರೆ ಅರವತ್ತನಾಲ್ಕರ ಆ ಮುದುಕ ಮತ್ತೆ ಹೊರಗೆ ಬರುವುದು ಕಷ್ಟ. ಗೋಡೆಯ ಗಡಿಯಾರದಲ್ಲಿ ಆಗಲೇ ಎರಡೂವರೆ.

"ನೀವು ಕೊಟ್ಟ ಹೇಳಿಕೆ ಮೇಲೇ ಈ ಕೇಸು ನಿಂತಿರೋದು," ಇನ್‌ಸ್ಪೆಕ್ಟರ್ ಫೈಲು ತೆರೆದಳು. "'ಆ ಬೇರನ್ನು ಹಸಿಯಾಗಿ ಕೊಟ್ಟರೆ ವಿಷ. ನಲವತ್ತು ವರ್ಷ ಔಷಧದಂಗಡಿಯಲ್ಲಿ ಕುಟ್ಟಿದವನಿಗೆ ಇದು ಗೊತ್ತಿಲ್ಲದೆ ಇರುವುದಿಲ್ಲ. ಗೊತ್ತಿದ್ದೇ ಕೊಟ್ಟಿದ್ದಾನೆ.' ಇದು ನಿಮ್ಮ ಮಾತು ತಾನೆ?"

"ನನ್ನದೇ. ಅದರಲ್ಲಿ ಒಂದಕ್ಷರವೂ ಬದಲಾಯಿಸೋದಿಲ್ಲ."

"ಅವನು ಹೇಳೋದು, ಪುಸ್ತಕದಲ್ಲಿ ಇದ್ದಂಗೆ ಮಾಡಿದೆ ಅಂತ. ಪುಸ್ತಕ ಇಲ್ಲೇ ಇದೆ. ಬೇರು ನೆನೆಸಬೇಕು ಅಂತ ಎಲ್ಲಿ ಬರೆದಿದ್ದೀರಿ, ತೋರಿಸಿ."

ಸಂಪಾದಕರು ನಕ್ಕರು. ಪಾಠ ಒಪ್ಪಿಸಲು ಬಾರದ ವಿದ್ಯಾರ್ಥಿನಿಯನ್ನು ನೋಡಿ ನಗುವ ನಗೆ ಅದು.

"ಮೂಲದಲ್ಲಿ ಇರೋದು ಇಷ್ಟೇ: ಬೇರನ್ನು ಜೇನಿನಲ್ಲಿ ತೇಯ್ದು ಕೊಡುವುದು. ಅದಕ್ಕೆ ವ್ಯಾಖ್ಯಾನಕಾರ ಒಂದೇ ಪದ ಬರೆದಿದ್ದಾನೆ. ಸ್ಪಷ್ಟ."

"ಅಂದರೆ?"

"ಅಂದರೆ ಇದಕ್ಕೆ ವಿವರಣೆ ಬೇಕಾಗಿಲ್ಲ ಅಂತ. ಇದು ವ್ಯಾಖ್ಯಾನಕಾರರ ರೂಢಿ. ಬಲ್ಲವರಿಗೆ ಗೊತ್ತಿರೋ ಕಡೆ ಅವರು ಮಾತು ಬೆಳೆಸೋದಿಲ್ಲ. ಬೇರು ಶುದ್ಧಿ ಮಾಡಬೇಕು ಅನ್ನೋದು ಆ ಕಾಲದ ಎಲ್ಲ ವೈದ್ಯರಿಗೂ ಗೊತ್ತಿತ್ತು. ಸ್ಪಷ್ಟ ಅಂದ, ಮುಂದಕ್ಕೆ ಹೋದ."

"ವೈದ್ಯರಿಗೆ ಗೊತ್ತಿತ್ತು. ಕುಟ್ಟುವವನಿಗೆ?"

"ಅದು ವ್ಯಾಖ್ಯಾನಕಾರನ ತಲೆನೋವಲ್ಲ."

ಇನ್‌ಸ್ಪೆಕ್ಟರ್ ಫೈಲಿನ ಹಾಳೆ ತಿರುವಿದಳು. ಕುಟ್ಟಣ್ಣ ಅಂತಲೇ ಊರು ಕರೆಯುವ ಆ ಮುದುಕ ಲಾಕಪ್ಪಿನಲ್ಲಿ ಹೇಳಿದ್ದು ನೆನಪಾಯಿತು. ಅಂಗಡಿಯ ಹಿಂದಿನ ಕೋಣೆಗೆ ಕುಟ್ಟುವವರನ್ನು ಬಿಡುತ್ತಿರಲಿಲ್ಲ. ಬೇರು ಅವನ ಕೈಗೆ ಬರುತ್ತಿದ್ದದ್ದು ಡಬ್ಬಿಯಲ್ಲಿ, ಕಪ್ಪಗೆ, ಒಣಗಿ. ಅದು ಹೇಗೆ ಕಪ್ಪಾಯಿತು ಅಂತ ನಲವತ್ತು ವರ್ಷದಲ್ಲಿ ಯಾರೂ ಹೇಳಲಿಲ್ಲ. ಕೇಳಿದ್ದಕ್ಕೆ ಒಂದು ಸಲ ಮಾಲೀಕ, ನಿನ್ನ ಕೆಲಸ ಕುಟ್ಟೋದು, ಕುಟ್ಟು ಅಂದಿದ್ದ. ತಂಗಿಗೆ ಜ್ವರ ನೆತ್ತಿಗೇರಿದ ದಿನ ಅಂಗಡಿ ಮುಚ್ಚಿತ್ತು. ಅವನು ಸಂತೆಬೀದಿಗೆ ಹೋಗಿ ಕಂದು ಬಣ್ಣದ ಹಸಿ ಬೇರನ್ನು ತಂದಿದ್ದ.

"ಇರಲಿ," ಅವಳು ಇನ್ನೊಂದು ಕಾಗದ ತೆಗೆದಳು. "ಓಲೆಯಕ್ಕನ ನೋಟುಬುಕ್ಕಿನಲ್ಲಿ ಒಂದು ಸಾಲಿದೆ. 'ಮೂವತ್ತೇಳನೆಯ ಓಲೆ, ಎಡ ಅಂಚು, ನಾಲ್ಕನೆಯ ಕೈ.' ಆ ಓಲೆ ತರಿಸಿ."

"ಅದನ್ನು ಹಾಗೆಲ್ಲ ಹೊರಗೆ ತೆಗೆಯೋದಿಲ್ಲ."

"ಸರ್ಚ್ ವಾರಂಟ್ ಇದೆ. ನೀವು ತೆಗೆದರೆ ಓಲೆಗೆ ಒಳ್ಳೇದು. ನಮ್ಮ ಕಾನ್‌ಸ್ಟೇಬಲ್ ಕೈ ಹಾಕಿದರೆ ಅದು ಮೂವತ್ತೇಳು ಚೂರು."

ಠಾಣೆಯಲ್ಲಿ ಎಲ್ಲರೂ ಮೀಸೆ ಅಂತಲೇ ಕರೆಯುವ ಕಾನ್‌ಸ್ಟೇಬಲ್ ಬಾಗಿಲಲ್ಲಿ ನಿಂತು ತನ್ನ ಎರಡು ಅಂಗೈಗಳನ್ನು ನೋಡಿಕೊಂಡ. "ನಿಜ ಸಾರ್. ಮನೇಲಿ ನನಗೆ ಲೋಟ ಕೂಡ ಸ್ಟೀಲಿನದೇ ಕೊಡೋದು."

ಸಂಪಾದಕರು ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಮರದ ಪಟ್ಟಿಗಳ ನಡುವೆ ಕಟ್ಟಿದ್ದ ಓಲೆಗಳ ಕಟ್ಟಿತ್ತು. ದಾರ ಬಿಚ್ಚಿದ ರೀತಿ ನೋಡಿದರೆ ಸಾಕಿತ್ತು, ಆ ಮನುಷ್ಯ ಈ ಓಲೆಗಳನ್ನು ನಿಜವಾಗಿ ಪ್ರೀತಿಸುತ್ತಾನೆ ಅಂತ ಹೇಳಲು. ಕೂಸಿನ ಬಟ್ಟೆ ಬಿಚ್ಚುವ ಹಾಗೆ ಬಿಚ್ಚಿದರು.

"ನಾಲ್ಕನೆಯ ಕೈ ಅಂದರೇನು?" ಅವಳು ಕೇಳಿದಳು.

"ಅವಳು ಕಟ್ಟಿಕೊಂಡ ಕತೆ." ಸ್ವಲ್ಪ ತಡೆದು, ಮೇಷ್ಟ್ರತನ ತಡೆಯಲಾರದೆ, ಮುಂದುವರಿಸಿದರು. "ಆಯುರ್ವೇದದ ಇಂಥ ದೊಡ್ಡ ಗ್ರಂಥಗಳು ಒಬ್ಬನ ಕೈಯಿಂದ ಆದವಲ್ಲ. ಗುರು ಹೇಳಿದ, ಶಿಷ್ಯ ಬರೆದುಕೊಂಡ. ಎಷ್ಟೋ ತಲೆಮಾರು ಕಳೆದ ಮೇಲೆ ಇನ್ನೊಬ್ಬ ಅದನ್ನು ತಿದ್ದಿ ಬೆಳೆಸಿದ. ಕಳೆದುಹೋದ ಅಧ್ಯಾಯಗಳನ್ನು ಮತ್ತೊಬ್ಬ ಬಂದು ತುಂಬಿದ. ಆಮೇಲೆ ವ್ಯಾಖ್ಯಾನಕಾರರು. ಈ ಕಟ್ಟಿನಲ್ಲಿ ಮೂಲ ಬರೆದ ಲಿಪಿಕಾರ ಒಬ್ಬ, ವ್ಯಾಖ್ಯಾನ ಬರೆದವನು ಒಬ್ಬ, ಹರಿದದ್ದನ್ನು ಸರಿಪಡಿಸಿದವನು ಒಬ್ಬ. ಮೂರು ಕೈ. ಅಂಚಿನಲ್ಲಿ ಅಲ್ಲಲ್ಲಿ ಯಾರೋ ಗೀಚಿದ್ದಾರೆ. ಅದು ನಾಲ್ಕನೆಯದು ಅಂತ ಇವಳ ವಾದ."

"ಗೀಚಿದವರು ಯಾರು?"

"ಯಾರಾದರೇನು? ಹೆಸರಿಲ್ಲ, ಕಾಲ ಇಲ್ಲ, ಪರಂಪರೆ ಇಲ್ಲ."

"ಹೆಂಗಸಾ?"

ಸಂಪಾದಕರ ಬೆರಳು ಓಲೆಯ ಮೇಲೆ ನಿಂತಿತು. "ಇರಬಹುದು."

"ಓದಿ. ನನಗೆ ತಿಳಿಯೋ ಮಾತಿನಲ್ಲಿ."

ಅವರು ಕನ್ನಡಕ ಸರಿಮಾಡಿಕೊಂಡರು. ಬಲಕ್ಕೆ ಮುತ್ತು ಪೋಣಿಸಿದಂಥ ಅಕ್ಷರಗಳು. ಎಡ ಅಂಚಿನಲ್ಲಿ, ದಾರದ ರಂಧ್ರವನ್ನು ತಪ್ಪಿಸಿಕೊಂಡು, ಒತ್ತೊತ್ತಾಗಿ, ಅಂಕುಡೊಂಕಾಗಿ ಐದು ಸಾಲು. ಬರವಣಿಗೆಯನ್ನು ಯಾರೂ ಕಲಿಸದೆ ನೋಡಿ ನೋಡಿ ಕಲಿತ ಕೈ.

"'ಸ್ಪಷ್ಟವಲ್ಲ,'" ಸಂಪಾದಕರು ಓದಿದರು. "'ಹಸಿ ಬೇರು ಮೊದಲು ನಾಲಿಗೆಯನ್ನು ಮರಗಟ್ಟಿಸುತ್ತದೆ, ಆಮೇಲೆ ಎದೆಯನ್ನು. ಮೂರು ದಿನ ನೆನೆಸು. ದಿನಕ್ಕೊಮ್ಮೆ ನೀರು ಚೆಲ್ಲು. ಬೇರು ಕಪ್ಪಾದ ಮೇಲೆ ಕೊಡು. ನಾನು ತಿಳಿಯದೆ ನನ್ನ ಮಗಳಿಗೆ ಕೊಟ್ಟೆ. ಓದುವವರು ಕೊಡದಿರಲಿ.'"

ಬಾಗಿಲಲ್ಲಿ ಮೀಸೆ ತಲೆಯ ಮೇಲಿನ ಟೋಪಿ ತೆಗೆದ. ಯಾಕೆ ತೆಗೆದೆ ಅಂತ ಅವನಿಗೂ ಗೊತ್ತಿರಲಿಕ್ಕಿಲ್ಲ.

ಮಗಳನ್ನು ಕಳೆದುಕೊಂಡ ತಾಯಿ. ಊರಿಗೆ ಹೇಳಿದರೆ ಯಾರೂ ಕೇಳುವವರಿಲ್ಲ. ಹೇಗೋ ಒಂದು ಕಟ್ಟು ಕೈಗೆ ಸಿಕ್ಕಿದೆ. ಪಂಡಿತ ಸ್ಪಷ್ಟ ಅಂತ ಬರೆದು ಎದ್ದುಹೋದ ಜಾಗದ ಪಕ್ಕದಲ್ಲಿ ಕೂತು, ಸ್ಪಷ್ಟವಲ್ಲ ಅಂತ ಕೊರೆದಿದ್ದಾಳೆ. ತನ್ನ ಹೆಸರು ಬರೆಯಲಿಲ್ಲ. ಮಗಳ ಹೆಸರನ್ನೂ ಬರೆಯಲಿಲ್ಲ. ಅಂಚಿನಲ್ಲಿ ಅಷ್ಟು ಜಾಗ ಇರಲಿಲ್ಲ.

"ಇದನ್ನು ಅಚ್ಚಿನಿಂದ ತೆಗೆದಿರಿ," ಅಂದಳು ಇನ್‌ಸ್ಪೆಕ್ಟರ್.

"ಸೇರಿಸಲಿಲ್ಲ. ತೆಗೆಯೋದು ಬೇರೆ, ಸೇರಿಸದೆ ಇರೋದು ಬೇರೆ. ನೋಡಿ ತಾಯಿ, ಇದು ಶಾಸ್ತ್ರ. ಒಬ್ಬಳು ತನ್ನ ಮನೆಯ ಸಂಕಟ ತೋಡಿಕೊಂಡರೆ ಅದು ವ್ಯಾಖ್ಯಾನ ಆಗೋದಿಲ್ಲ."

"ಗುರುವಿನ ಮೇಲೆ ಶಿಷ್ಯ ಬರೆದ, ಶಿಷ್ಯನ ಮೇಲೆ ಇನ್ನೊಬ್ಬ ಬರೆದ, ಅವನ ಮೇಲೆ ಮತ್ತೊಬ್ಬ. ಎಲ್ಲರೂ ಒಬ್ಬರ ಮೇಲೊಬ್ಬರು ಬರೆದವರೇ. ಅವರೆಲ್ಲ ಕರ್ತೃಗಳು. ಇವಳೊಬ್ಬಳದ್ದು ಮಾತ್ರ ಗೀಚು."

"ಅವರಿಗೆ ಹೆಸರಿದೆ."

"ಅವಳಿಗೆ ಹೆಣ ಇತ್ತು, ಗುರುಗಳೇ. ಈಗ ನಮ್ಮ ಹತ್ತಿರವೂ ಒಂದಿದೆ."

ಸಂಪಾದಕರ ಮುಖ ಬಿಳಿಚಿತು. ಓಲೆಯನ್ನು ಕೆಳಗಿಟ್ಟರು.

"ಗೋಂದಿನ ವಿಷಯ ಹೇಳಿ," ಅವಳು ಬಿಡಲಿಲ್ಲ.

"ಚೀಟಿ. ಆ ಐದು ಸಾಲನ್ನು ತನ್ನ ಕೈಯಾರೆ ಬರೆದು, ಪುಸ್ತಕ ಬಂದ ವಾರದಲ್ಲೇ, ಇನ್ನೂರು ಪ್ರತಿಗೂ ಅಂಟಿಸಿಬಿಟ್ಟಿದ್ದಳು. ನನಗೆ ಒಂದು ಮಾತು ಹೇಳದೆ. ಮುಂದಿನ ಸೋಮವಾರ ಬಿಡುಗಡೆ. ನಲವತ್ತು ವರ್ಷದ ಕೆಲಸ ನನ್ನದು. ಅದರ ಮೇಲೆ ಚೀಟಿ ಮೆತ್ತಿದ್ದಳು, ಹರಕು ಗೋಡೆಗೆ ಮೆತ್ತೋ ಹಾಗೆ."

"ಕಿತ್ತವರು ಯಾರು?"

"ಕೀಳಲಿಲ್ಲ. ಒದ್ದೆ ಬಟ್ಟೆ ಇಟ್ಟು, ಗೋಂದು ನೆನೆದ ಮೇಲೆ ಒರೆಸಿ ತೆಗೆಯೋದು. ಪುಟಕ್ಕೆ ಪೆಟ್ಟಾಗಬಾರದು. ಚೀಟಿಯ ಶಾಯಿ ಕದಡಿ ಹೋಗುತ್ತೆ, ಹೋಗಲಿ."

"ಯಾರು ಅಂತ ಕೇಳಿದೆ."

ಅವರು ಕಿಟಕಿಯ ಕಡೆ ನೋಡಿದರು. ಖಾಲಿ ಕುರ್ಚಿಯ ಕಡೆ ಅಲ್ಲ, ಅದರ ಆಚೆ.

"ಅವಳೇ. ಅಂಟಿಸಿದವಳೇ ತೆಗೀಬೇಕು ಅಂದೆ. ಇಲ್ಲಾಂದರೆ ಕೆಲಸ ಇಲ್ಲ ಅಂದೆ. ಮೂರು ದಿನ ಕೂತು ತೆಗೆದಳು. ನೂರ ತೊಂಬತ್ತೊಂಬತ್ತು."

ಮೂವತ್ತೊಂದು ವರ್ಷ ಆ ಕುರ್ಚಿಯಲ್ಲಿ ಕೂತು ಓಲೆಗಳನ್ನು ಕಾಗದಕ್ಕಿಳಿಸಿದವಳು. ಪುಸ್ತಕದ ಮೊದಲ ಪುಟದಲ್ಲಿ ಅವಳ ಹೆಸರಿರಲಿಲ್ಲ, ಕೊನೆಯ ಪುಟದಲ್ಲೂ ಇರಲಿಲ್ಲ. ತನ್ನ ಅಕ್ಷರವನ್ನು ತಾನೇ ಒದ್ದೆ ಬಟ್ಟೆಯಿಂದ ಒರೆಸುತ್ತ ಮೂರು ದಿನ. ಬಟ್ಟೆ ಅದ್ದಿ ಅದ್ದಿ ನೀಲಿಯಾದ ಬಕೆಟ್ಟಿನ ನೀರನ್ನು ಯಾರು ಚೆಲ್ಲಿದರು?

"ಇನ್ನೂರನೆಯದು?"

"ಒಂದು ಪ್ರತಿ ಅಣ್ಣನಿಗೆ ತೋರಿಸಬೇಕು ಅಂತ ಮನೆಗೆ ಒಯ್ದಿದ್ದಳು. ಅದನ್ನೂ ತಂದುಕೊಡು ಅಂದಿದ್ದೆ. ಅಷ್ಟರಲ್ಲಿ ಅವಳಿಗೆ ಜ್ವರ ಬಂತು."

ಇನ್‌ಸ್ಪೆಕ್ಟರ್ ಚೀಲದಿಂದ ಇನ್ನೊಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಕುಟ್ಟಣ್ಣನ ಮನೆಯಿಂದ ಜಪ್ತಿ ಮಾಡಿದ್ದು. ನೂರ ಹನ್ನೆರಡನೆಯ ಪುಟ ತೆರೆದಳು.

ಅಲ್ಲೂ ಚೀಟಿ ಇರಲಿಲ್ಲ. ಆದರೆ ಇಲ್ಲಿ ಕಾಗದ ಬಿರುಸಾಗಿರಲಿಲ್ಲ. ಚರ್ಮ ಸುಲಿದ ಹಾಗೆ ಎದ್ದುಬಂದಿತ್ತು. ಕೆಳಗಿನ ಎರಡು ಸಾಲು ಅಚ್ಚಿನ ಅಕ್ಷರವೂ ಚೀಟಿಯ ಜೊತೆ ಕಿತ್ತುಹೋಗಿತ್ತು.

ಸಂಪಾದಕರು ಬಗ್ಗಿ ನೋಡಿದರು. ಅವರ ಬಾಯಿಂದ ನೋವಿನ ಸದ್ದೊಂದು ಹೊರಟಿತು. ಐದು ದಿನದಲ್ಲಿ ಮೊದಲ ಸಲ.

"ಇದು ನಮ್ಮ ಭಂಡಾರದವರ ಕೆಲಸ ಅಲ್ಲ," ಅಂದರು. "ಪುಸ್ತಕ ಮುಟ್ಟಿ ಗೊತ್ತಿರೋ ಯಾರೂ ಒಣ ಕಾಗದವನ್ನು ಹೀಗೆ ಕೀಳೋದಿಲ್ಲ. ಕಸಾಯಿಯ ಕೆಲಸ. ಆ ಮನೆಯ ಮೆಟ್ಟಿಲು ನಾನು ತುಳಿದಿಲ್ಲ, ಬೇಕಾದರೆ ವಿಚಾರಿಸಿ."

ಅದು ಸುಳ್ಳಲ್ಲ ಅಂತ ಅವಳಿಗೂ ಅನ್ನಿಸಿತು. ಹಾಗಾದರೆ ಇದನ್ನು ಕಿತ್ತ ಕೈ ಯಾರದು?

*

ಜೀಪು ಮಾರುಕಟ್ಟೆಯ ಗದ್ದಲದಲ್ಲಿ ಸಿಕ್ಕಿಕೊಂಡಿತ್ತು. ಮೂರೂ ಕಾಲು.

"ಮೇಡಂ, ಚೀಟಿ ಪುಸ್ತಕದಲ್ಲಿ ಇದ್ದಿದ್ದರೆ ಕುಟ್ಟಣ್ಣ ನೆನೆಸ್ತಿದ್ದ, ಅಕ್ಕ ಉಳೀತಿದ್ದಳು. ಅಲ್ವಾ?" ಮೀಸೆ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತ ಕೇಳಿದ. "ಅಂದರೆ ಚೀಟಿ ಕಿತ್ತವನೇ ಕೊಂದವನು."

"ಹೌದು."

"ಗುರುಗಳೇ ಯಾರನ್ನೋ ಕಳಿಸಿರಬೇಕು. ನನಗಂತೂ ಆ ಮನುಷ್ಯನ ನಗು ಹಿಡಿಸಲಿಲ್ಲ. ನನ್ನ ಮಾವನೂ ಹಂಗೇ ನಗೋದು."

ಅವಳು ಮಡಿಲಲ್ಲಿ ಎರಡು ಪುಸ್ತಕಗಳನ್ನೂ ತೆರೆದುಕೊಂಡು ಕೂತಿದ್ದಳು. ಒಂದರಲ್ಲಿ ಪುಟ ಉಳಿದಿದೆ. ಇನ್ನೊಂದರಲ್ಲಿ ಪುಟ ಹಾಳಾಗಿದೆ.

ಒದ್ದೆ ಬಟ್ಟೆ ಇಟ್ಟರೆ ಪುಟ ಉಳಿಯುತ್ತದೆ, ಚೀಟಿಯ ಶಾಯಿ ಕದಡಿ ಹೋಗುತ್ತದೆ. ಒಣಗಿದ್ದಾಗಲೇ ಕಿತ್ತರೆ ಪುಟ ಸುಲಿಯುತ್ತದೆ, ಆದರೆ ಚೀಟಿ?

"ಮೀಸೆ, ಜೀಪು ನಿಲ್ಲಿಸು."

"ನಿಂತೇ ಇದೆ ಮೇಡಂ, ಹದಿನೈದು ನಿಮಿಷದಿಂದ."

"ಕಿತ್ತವರಿಗೆ ಪುಟ ಬೇಕಾಗಿರಲಿಲ್ಲ ಕಣೋ. ಚೀಟಿ ಬೇಕಾಗಿತ್ತು. ಒಂದಕ್ಷರ ಕದಡದ ಹಾಗೆ, ಇಡಿಯಾಗಿ." ಅವಳು ಪುಸ್ತಕ ಮುಚ್ಚಿದಳು. "ಅದನ್ನು ಎಸೆಯೋಕೆ ಕಿತ್ತಿಲ್ಲ, ಇಟ್ಟುಕೊಳ್ಳೋಕೆ ಕಿತ್ತಿದ್ದಾರೆ. ಚೀಟಿ ಎಲ್ಲೋ ಇದೆ. ಓಲೆಯಕ್ಕ ಕೊನೆಯುಸಿರೆಳೆದ ಆಸ್ಪತ್ರೆಯಿಂದ ಅವಳ ಸಾಮಾನು ಬಂತಾ?"

"ಎಲ್ಲಿ ಬಂತು? ಎರಡು ಸಲ ಹೋದೆ. ಸತ್ತವರ ಗಂಟು ಹತ್ತಾರಿವೆ, ಇವಳದ್ದರ ಮೇಲೆ ಯಾರೂ ಹೆಸರು ಬರೆದಿಲ್ಲವಂತೆ. ಹೆಸರಿಲ್ಲದ್ದನ್ನು ಕೊಡೋದು ಹೇಗೆ ಅಂತಾನೆ ಸ್ಟೋರಿನವನು."

ಹೆಸರಿಲ್ಲ. ಇವತ್ತು ಆ ಮಾತನ್ನು ಅವಳು ಎಷ್ಟನೆಯ ಸಲ ಕೇಳುತ್ತಿದ್ದಾಳೋ.

"ಇಳಿದು ಓಡು. ಎಲ್ಲ ಗಂಟನ್ನೂ ಬಿಚ್ಚು. ಶಾಯಿಯ ಕಲೆ ಇರೋ ಬಟ್ಟೆ ಯಾವುದರಲ್ಲಿದೆಯೋ ಅದೇ ಅವಳದ್ದು. ನಾಲ್ಕೂವರೆಯೊಳಗೆ ನನ್ನ ಮೇಜಿನ ಮೇಲಿರಬೇಕು."

*

ಠಾಣೆಯ ಹಿಂದಿನ ಓಣಿಯಲ್ಲಿ ಕುಟ್ಟಣ್ಣನ ಮಗಳು ಬೆಂಚಿನ ಮೇಲೆ ಕೂತಿದ್ದಳು. ಇಪ್ಪತ್ತೆರಡರ ಹುಡುಗಿ; ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ. ತಾಯಿ ಹೋದ ಮೇಲೆ ಅವಳನ್ನು ಸಾಕಿದ್ದು ಅತ್ತೆ ಓಲೆಯಕ್ಕನೇ. ಪಕ್ಕದಲ್ಲಿ ಊಟದ ಡಬ್ಬಿ, ಮುಚ್ಚಳ ತೆರೆದಿರಲಿಲ್ಲ.

"ಇವತ್ತೂ ಮುಟ್ಟಲಿಲ್ಲ ಮೇಡಂ. ನಾನು ಬಂದರೆ ಮುಖ ಗೋಡೆ ಕಡೆ ತಿರುಗಿಸ್ತಾರೆ."

"ಬಾ ನನ್ನ ಜೊತೆ."

ಕಂಬಿಗಳ ಆಚೆ ಕುಟ್ಟಣ್ಣ ಮೊಣಕಾಲು ತಬ್ಬಿ ಕೂತಿದ್ದ. ಒರಳು ಕುಟ್ಟಿ ಕುಟ್ಟಿ ಬಲಭುಜ ಎಡಭುಜಕ್ಕಿಂತ ಒಂದು ಹಿಡಿ ದಪ್ಪ. ಕಣ್ಣುಗಳಲ್ಲಿ ಹಾಲಿನಂಥ ಪೊರೆ.

"ಕುಟ್ಟಣ್ಣ, ಆ ದಿನ ಪುಸ್ತಕ ಓದಿದ್ದು ಯಾರು?"

"ನಾನೇ. ಎಷ್ಟು ಸಲ ಕೇಳ್ತೀರಿ ಮೇಡಂ? ನಾನೇ ಓದಿದೆ, ನಾನೇ ಅರೆದೆ, ನಾನೇ ಕುಡಿಸಿದೆ."

ಅವಳು ಪುಸ್ತಕವನ್ನು ಕಂಬಿಯೊಳಗೆ ತೂರಿಸಿದಳು. "ಎಲ್ಲಾದರೂ ಒಂದು ಸಾಲು ಓದು."

ಅವನು ಪುಸ್ತಕ ತೆರೆದ. ಮೂಗಿನ ಹತ್ತಿರ ತಂದ, ದೂರ ಹಿಡಿದ. ಆಮೇಲೆ ದೊಡ್ಡ ದನಿಯಲ್ಲಿ, ಬಾಯಿಪಾಠ ಬರುತ್ತಿದ್ದ ಯಾವುದೋ ಕಷಾಯದ ಪಾಕವನ್ನು ಒಪ್ಪಿಸತೊಡಗಿದ. ತೆರೆದಿದ್ದದ್ದು ಪುಸ್ತಕದ ಕೊನೆಯ ಖಾಲಿ ಹಾಳೆ.

ಮಗಳು ಬಾಯಿಗೆ ಕೈ ಒತ್ತಿಕೊಂಡಳು. "ಸಾಕು ನಿಲ್ಲಿಸಪ್ಪ. ಮೇಡಂ, ಓದಿದ್ದು ನಾನು. ಯಾವಾಗಲೂ ಅತ್ತೆ ಓದೋದು, ಅಪ್ಪ ಅರೆಯೋದು. ಅವತ್ತು ಅತ್ತೆಗೆ ದನಿಯೇ ಹೊರಡ್ತಿರಲಿಲ್ಲ, ಮಂಪರು. ಅದಕ್ಕೆ ನಾನು ಓದಿದೆ."

"ಬಾಯಿ ಮುಚ್ಚೇ," ಕುಟ್ಟಣ್ಣ ಗದರಿದ. ಗದರಿಕೆ ಅರ್ಧಕ್ಕೇ ಒಡೆಯಿತು. "ಅವಳ ಮಾತು ಬರ್ಕೋಬೇಡಿ ಮೇಡಂ. ಮಗು ಅದು. ಚೀಟಿ ಚಿಕ್ಕಕ್ಷರದಲ್ಲಿತ್ತು. ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಅವಳದ್ದೇನು ತಪ್ಪು? ಅವಳನ್ನ ಬಿಟ್ಟುಬಿಡಿ."

ಅಂದರೆ ಇದು. ಐದು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದದ್ದು ಇದಕ್ಕೆ. ಮಗಳ ಕಣ್ಣು ಒಂದು ಚೀಟಿಯನ್ನು ದಾಟಿಹೋಯಿತು ಅಂತ ನಂಬಿಕೊಂಡು, ಆ ತಪ್ಪನ್ನು ತನ್ನ ಹೆಗಲಿಗೆ ಎಳೆದುಕೊಂಡು ಮುದುಕ ಜೈಲಿಗೆ ಹೊರಟಿದ್ದ.

"ಚೀಟಿಯೇ ಇರಲಿಲ್ಲಪ್ಪ," ಮಗಳು ಅತ್ತಳು. "ಇದ್ದದ್ದನ್ನೆಲ್ಲ ಓದಿದೀನಿ. ಪುಟ ಹರಿದಿತ್ತು. ಹರಿದ ಪುಟ ಅಂತ ನಿನಗೆ ಹೇಳಬೇಕಿತ್ತು, ಹೇಳಲಿಲ್ಲ."

"ಇತ್ತು ಕಣೇ. ಇರದೆ ಎಲ್ಲಿ ಹೋಗುತ್ತೆ? ಅದಕ್ಕಾಗಿ ತಾನೆ ನಾನೂ ಅವಳೂ ಜಗಳ ಆಡಿದ್ದು."

ಇನ್‌ಸ್ಪೆಕ್ಟರ್ ಕಂಬಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಆ ಜಗಳವನ್ನು ಬೀದಿಯೆಲ್ಲ ಕೇಳಿತ್ತು. ಯಾಕೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. "ಏನು ಜಗಳ?"

"ಭಂಡಾರದಲ್ಲಿ ಚೀಟಿಯೆಲ್ಲ ಒರೆಸಿ ಬಂದಿದ್ದಳು. ಕೈ ನೀರಿನಲ್ಲಿ ನೆಂದು ಸುಕ್ಕುಸುಕ್ಕು. ಇದೊಂದೇ ಉಳಿದಿದೆ ಅಣ್ಣ, ಇದನ್ನ ಮಾತ್ರ ಕೊಡೋದಿಲ್ಲ ಅಂದಳು. ಅದರಲ್ಲಿ ಏನು ಬರೆದಿದೆ ಅಂತ ಆಗ ನಾನು ಕೇಳಲೂ ಇಲ್ಲ, ಸಿಟ್ಟು ಬಂತು ಮೇಡಂ. ಸತ್ತು ಸಾವಿರ ವರ್ಷ ಆದವಳಿಗೋಸ್ಕರ ಇದ್ದ ಕೆಲಸ ಕಳ್ಕೋತೀಯಾ ಅಂದೆ. ಕಿತ್ತುಹಾಕು ಅದನ್ನ, ಕಿತ್ತು ಪುಸ್ತಕ ಅವರ ಮುಖಕ್ಕೆ ಕೊಟ್ಟು ಬಾ ಅಂದೆ. ಮೂರು ಸಲ ಅಂದೆ. ಕಿತ್ತುಹಾಕು."

ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

"ಅವಳು ಎದ್ದು ಒಳಗೆ ಹೋದಳು. ಆಮೇಲೆ ಮಾತೇ ಆಡಲಿಲ್ಲ. ಮಾರನೇ ದಿನ ಜ್ವರ. ಚಿಕ್ಕಂದಿನಿಂದ ನನ್ನ ಮಾತು ಒಂದು ದಿನ ಕೇಳಿದವಳಲ್ಲ ಮೇಡಂ. ಓದಬೇಡ ಅಂದರೆ ಓದಿದಳು. ಮದುವೆ ಆಗು ಅಂದರೆ ಆಗಲಿಲ್ಲ. ಇದನ್ನೂ ಕೇಳಿರೋದಿಲ್ಲ. ಅದೊಂದೇ ನನಗೆ ಉಳಿದಿರೋ ಸಮಾಧಾನ. ನನ್ನ ಮಾತು ಕೇಳಿ ಅವಳು ಅದನ್ನ ಕಿತ್ತಿದ್ದಳು ಅಂತ ಏನಾದರೂ ಆಗಿದ್ದಿದ್ದರೆ, ನೀವು ನನ್ನನ್ನ ಕೋರ್ಟಿಗೆ ಒಯ್ಯೋ ಅಗತ್ಯವೇ ಇರ್ತಿರಲಿಲ್ಲ. ಈ ಗೋಡೆಗೇ ತಲೆ ಒಡ್ಕೋತಿದ್ದೆ."

ಹೊರಗೆ ಬೂಟಿನ ಸದ್ದು. ಏದುಸಿರು ಬಿಡುತ್ತ ಮೀಸೆ ಬಂದ. ಕೈಯಲ್ಲಿ ಕಂದು ಕಾಗದದ ಗಂಟು.

"ಸಿಕ್ಕಿತು ಮೇಡಂ. ಎಲ್ಲದರ ಅಡಿಯಲ್ಲಿ. ಬಟ್ಟೆಯ ಅಂಚಿಗೆ ಶಾಯಿ."

ಒಂದು ಜೊತೆ ಬಟ್ಟೆ. ಹಲ್ಲು ಮುರಿದ ಬಾಚಣಿಗೆ. ಕನ್ನಡಕದ ಡಬ್ಬಿ. ಡಬ್ಬಿಯನ್ನು ಅವಳು ತೆರೆದಳು. ಕನ್ನಡಕದ ಕೆಳಗೆ, ಎರಡು ಮಡಿಕೆ ಮಾಡಿ, ಚೀಟಿ ಇತ್ತು.

ಬಿಡಿಸಿದಳು. ದುಂಡಗಿನ, ಅಚ್ಚುಕಟ್ಟಾದ ಅಕ್ಷರ. ಸ್ಪಷ್ಟವಲ್ಲ ಅಂತ ಶುರುವಾಗುವ ಐದು ಸಾಲು. ಕೆಳಗೆ ಓಲೆಯಕ್ಕ ತಾನೇ ಸೇರಿಸಿದ್ದು: 'ಮೂಲ ಓಲೆಯ ಅಂಚಿನಲ್ಲಿ, ಹೆಸರು ಬರೆಯದ ತಾಯಿಯೊಬ್ಬಳ ಕೈ.'

ಹಿಂದೆ ತಿರುಗಿಸಿದಳು. ಸುಲಿದುಬಂದ ಪುಟದ ಚೂರು ಇನ್ನೂ ಅಂಟಿಕೊಂಡಿತ್ತು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಕೆಲವು ಸಾಲು. ಅದೇ ಕೈ, ಆದರೆ ಅಕ್ಷರಗಳು ಒಂದಕ್ಕೊಂದು ಜಾರಿ ಬಿದ್ದಿದ್ದವು.

'ನಾಲಿಗೆ ಮರಗಟ್ಟಿತು. ಬೇರು ನೆನೆದಿಲ್ಲ. ಓದಿದವಳದ್ದು ತಪ್ಪಿಲ್ಲ, ಅರೆದವನದ್ದೂ ಇಲ್ಲ. ಪುಸ್ತಕ ವಾಪಸು ಕೊಡಬೇಕಲ್ಲ, ಇದೊಂದಾದರೂ ಉಳಿಯಲಿ ಅಂತ ಚೀಟಿ ಕಿತ್ತಿಟ್ಟವಳು ನಾನೇ. ಅಣ್ಣನಿಗೆ ಇದು ಗೊತ್ತಾಗಬಾರದು. ಅವನು ಕಿತ್ತುಹಾಕು ಅಂದಿದ್ದ.'

ಇನ್‌ಸ್ಪೆಕ್ಟರ್ ಎರಡನೆಯ ಸಲ ಓದಿದಳು. ಮೂರನೆಯ ಸಲಕ್ಕೆ ಅಕ್ಷರ ಕಾಣಲಿಲ್ಲ.

ಆ ತಾಯಿ ಯಾವುದೋ ಕಾಲದಲ್ಲಿ ಬರೆದ ಮಾತನ್ನು ಉಳಿಸಲು ಹೋಗಿ, ಆ ಮಾತು ಉಳಿಸಬಹುದಾಗಿದ್ದ ತನ್ನ ಜೀವವನ್ನೇ ಓಲೆಯಕ್ಕ ಕಳೆದುಕೊಂಡಿದ್ದಳು. ಅದು ತಿಳಿದ ಮೇಲೂ, ಕೈ ಸೋಲುವ ಮುಂಚೆ, ಪೆನ್ಸಿಲು ಹುಡುಕಿದ್ದಳು.

ಗೋಡೆಯ ಗಡಿಯಾರದಲ್ಲಿ ನಾಲ್ಕು ನಲವತ್ತು. ಈ ಚೀಟಿ ಕೋರ್ಟಿಗೆ ಹೋದರೆ ಕುಟ್ಟಣ್ಣ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾನೆ. ಸೋಮವಾರ ಆ ಪುಸ್ತಕ ಹೊರಗೆ ಬರುವುದಿಲ್ಲ. ಆದರೆ ಕೋರ್ಟಿಗೆ ಹೋದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ; ಹಿಂಬದಿಯ ಸಾಲುಗಳೂ ಅವನ ಕಿವಿಗೆ ಬೀಳುತ್ತವೆ. ಹೋಗದಿದ್ದರೆ ಅವನನ್ನು ಬಿಡಿಸಲು ಬೇರೆ ಒಂದು ಕಾಗದವೂ ಈ ಲೋಕದಲ್ಲಿಲ್ಲ.

ಕಂಬಿಯ ಆಚೆ ಕುಟ್ಟಣ್ಣ ಎದ್ದು ನಿಂತಿದ್ದ. ಕಾಗದದ ಸದ್ದು ಅವನಿಗೆ ಕೇಳಿ ಅಭ್ಯಾಸ. ಜೀವಮಾನವೆಲ್ಲ ಅವನಿಗೆ ಯಾರಾದರೂ ಓದಿ ಹೇಳುತ್ತಿದ್ದರು.

"ಅದು ಅವಳ ಕಾಗದ ಅಲ್ವಾ ಮೇಡಂ?" ಪೊರೆ ಬಂದ ಕಣ್ಣುಗಳು ಅವಳ ಕೈಯ ಕಡೆ ತಿರುಗಿದವು. ಅವನು ಕಂಬಿಗಳ ನಡುವೆ ಕಿವಿಯೊಡ್ಡಿ ನಿಂತ, ಒರಳಿನ ಮುಂದೆ ತಂಗಿಯ ದನಿಗಾಗಿ ಕಾಯುತ್ತಿದ್ದ ಹಾಗೆ.

"ಒಂದಕ್ಷರ ಬಿಡದಂಗೆ ಓದಿ ಹೇಳಿ. ಏನಂತ ಬರೆದಿದ್ದಾಳೆ?"